ಎರಡು ಸೆಲ್ಲು

"ಮೊದಲ ಒಂದ ಸೆಲ್ ತೆಗೀಬೇಕು, ಅದರ ಜಾಗಾಕ್ಕ ಹೊಸಾದು ಹಾಕಬೇಕು, ಆಮ್ಯಾಲೆ ಇನ್ನೊಂದು. ಎರಡೂ ಒಮ್ಮೆಲೆ ತಗದ್ರ ಒಳಗ ಬರೆದಿದ್ದೆಲ್ಲಾ ಹೋಗತೈತಿ," ಎನ್ನುತ್ತಾ ಮಹಾಬಳೇಶ್ವರ ಅಂಗೈಯಗಲದ ಡಿಜಿಟಲ್ ಡೈರಿಯನ್ನು ಬೋರಲು ಹಾಕಿ, ಅದರ ಬೆನ್ನಿನ ಸ್ಕ್ರೂ ತಿರುವತೊಡಗಿದ.

ಎದುರಿಗೆ ನಿಂತ ಈರೇಶನಿಗೆ ಇದನ್ನೆಲ್ಲ ಕೇಳುವ ವ್ಯವಧಾನವಿರಲಿಲ್ಲ. ಅವನ ಅಕ್ಕ ಶಿವಗಂಗಾಗೆ ಬೆಳಿಗ್ಗೆ ಹೆರಿಗೆಯಾಗಿತ್ತು. ಕೂಸು ಗಟ್ಟಿಯಾಗಿತ್ತು, ಆದರೆ ತಾಯಿಗೆ ರಕ್ತ ನಿಲ್ಲುತ್ತಿರಲಿಲ್ಲ. ಅವಳನ್ನು ಹೊತ್ತ ಆಂಬುಲೆನ್ಸ್ ದಾಂಡೇಲಿ ಬಿಟ್ಟು ಧಾರವಾಡದ ದಾರಿ ಹಿಡಿದಿತ್ತು. ಅವಳದು ಓ ನೆಗೆಟಿವ್. ಧಾರವಾಡದಲ್ಲಿ ಆ ರಕ್ತ ಒಂದೇ ಬಾಟಲಿ ಇದೆಯಂತೆ, ಕೊಡುವವರನ್ನು ಹುಡುಕಿ ಹಿಂದೆಯೇ ಕರೆತನ್ನಿ ಎಂದು ಡಾಕ್ಟರು ಹೇಳಿದ್ದರು. ಈರೇಶ ಒಂದು ಜೀಪು ಹಿಡಿದು ನೇರ ಮಹಾಬಳೇಶ್ವರನ ಕ್ವಾರ್ಟರ್ಸಿಗೆ ಬಂದಿದ್ದ.

ಊರಲ್ಲಿ ಯಾರಿಗೆ ರಕ್ತ ಬೇಕಾದರೂ ಜನ ಓಡುವುದು ಅಲ್ಲಿಗೇ. ಪೇಪರ್ ಮಿಲ್ಲಿನ ಗುಮಾಸ್ತನಾದ ಆತ ವರ್ಷಕ್ಕೆರಡು ಸಲ ರಕ್ತದಾನದ ಕ್ಯಾಂಪು ನಡೆಸಿ, ಮುನ್ನೂರ ಹನ್ನೆರಡು ಮಂದಿಯ ಹೆಸರು, ಫೋನ್ ನಂಬರು, ರಕ್ತದ ಗುಂಪು ಎಲ್ಲವನ್ನೂ ಆ ಡೈರಿಗೆ ತುಂಬಿಸಿದ್ದ. ಗುಂಪಿನ ಹೆಸರು ಒತ್ತಿದರೆ ಸಾಕು, ಆ ಗುಂಪಿನವರೆಲ್ಲ ಪರದೆಯ ಮೇಲೆ ಸಾಲಾಗಿ ಹಾಜರಾಗುತ್ತಿದ್ದರು. ಅಲಾರಾಂ ಇತ್ತು, ಕ್ಯಾಲ್ಕುಲೇಟರ್ ಇತ್ತು, ಲಂಡನ್ನಿನಲ್ಲಿ ಈಗ ಎಷ್ಟು ಹೊತ್ತು ಎಂಬುದೂ ಇತ್ತು. ದಾಂಡೇಲಿಯವರಿಗೆ ಲಂಡನ್ನಿನ ಹೊತ್ತು ಕಟ್ಟಿಕೊಂಡು ಏನಾಗಬೇಕು ಎಂದು ಹೆಂಡತಿ ಕೇಳಿದಾಗ ಎರಡು ದಿನ ಮಾತು ಬಿಟ್ಟಿದ್ದ ಪುಣ್ಯಾತ್ಮ. ಅವೇ ಹೆಸರುಗಳಿದ್ದ ಹಳೆಯ ರಿಜಿಸ್ಟರನ್ನು ಹೋದ ದೀಪಾವಳಿಗೇ ರದ್ದಿಗೆ ಹಾಕಿಯಾಗಿತ್ತು. ಪೇಪರ್ ಮಿಲ್ಲಿನ ಊರಿನಲ್ಲಿ ಕಾಗದದ ಮೇಲಿನ ನಂಬಿಕೆ ಬಿಟ್ಟ ಮೊದಲ ಮನುಷ್ಯ ಅವನೇ ಇರಬೇಕು.

ಇವತ್ತು ಅವಸರದಲ್ಲಿ ಗುಂಡಿ ಒತ್ತಿದರೆ ಅಕ್ಷರಗಳು ಮಸುಕಾಗಿ ಮೂಡಿ ಮಾಯವಾದವು. ಈರೇಶ ಬಸ್ ಸ್ಟ್ಯಾಂಡಿನ ಗಡಿಯಾರದ ಅಂಗಡಿಗೆ ಓಡಿ ಎರಡು ಹೊಸ ಸೆಲ್ಲು ತಂದಿದ್ದ. ಆದರೆ ಹಳೆಯ ಸೆಲ್ಲು ಬಿಗಿಯಾಗಿ ಕೂತಿತ್ತು. ಉಗುರಿಗೆ ಸಿಗಲಿಲ್ಲ, ಪಿನ್ನಿಗೂ ಏಳಲಿಲ್ಲ.

"ಲಗೂನ ಮಾಡ್ರಿ ಅಣ್ಣಾರ. ಗಾಡಿ ಇಷ್ಟೊತ್ತಿಗೆ ಹಳಿಯಾಳ ದಾಟಿರಬೇಕು."

"ತಡಿಯೋ ತಮ್ಮಾ. ಇದಕ್ಕ ಗಡಿಬಿಡಿ ನಡಿಯಂಗಿಲ್ಲ."

"ಗಾಡಿ ಹತ್ತಸುವಾಗ ಅಕ್ಕನ ಕೈ ತಣ್ಣಗಾಗಿತ್ತರಿ."

ಆ ಮಾತು ಕೇಳಿದ್ದೇ ಮಹಾಬಳೇಶ್ವರ ಪಿನ್ನು ಬಿಸಾಕಿ, ಡೈರಿಯನ್ನು ತಿರುವಿ, ಸುಣ್ಣದ ಡಬ್ಬಿ ಕೊಡವುವ ಹಾಗೆ ಅಂಗೈ ಮೇಲೆ ಒಂದೇ ಸಲ ಬಡಿದ. ಸೆಲ್ಲು ಬಿತ್ತು. ಅದರ ಪಕ್ಕದಲ್ಲಿ ಇನ್ನೊಂದೂ ಬಿತ್ತು.

"ಎರಡೂ ಬಂದ್ವಲ್ರಿ," ಎಂದ ಈರೇಶ, ಮೆಲ್ಲಗೆ.

ಮಹಾಬಳೇಶ್ವರ ಹೊಸ ಸೆಲ್ಲುಗಳನ್ನು ಕೂರಿಸಿದ. ಡೈರಿ ಟಿಂವ್ ಎಂದಿತು. ಪರದೆ ಹಿಂದೆಂದೂ ಇಲ್ಲದಷ್ಟು ಸ್ವಚ್ಛವಾಗಿ ಹೊಳೆಯಿತು: ಜನವರಿ ಒಂದು, ಹೊತ್ತು ಸೊನ್ನೆ. ಓ ನೆಗೆಟಿವ್ ಒತ್ತಿದ. ಖಾಲಿ. ಬಿ ಪಾಸಿಟಿವ್ ಒತ್ತಿದ, ತನ್ನದೇ ಹೆಸರು ಒತ್ತಿದ. ಅದೂ ಇಲ್ಲ. ಹೊಸ ಹೆಸರು ಬರೆಯಿರಿ ಎಂದು ಯಂತ್ರ ವಿನಯದಿಂದ ಕೇಳುತ್ತಿತ್ತು.

"ಒಬ್ಬರದಾದ್ರೂ ನೆನಪೈತೇನ್ರಿ? ಒಂದ ಒಂದು ನಂಬರ್ ಹೇಳ್ರಿ, ಈಗಿಂದೀಗ ಫೋನ್ ಹಚ್ಚತೇನಿ."

"ಓ ನೆಗೆಟಿವ್ ಆರು ಮಂದಿ ಅದಾರ. ಆರು ಅನ್ನೂದು ಖರೆ. ಎಲ್ಲಾರ ಮಾರಿ ಕಣ್ಣಮುಂದ ಬರ್ತಾವು, ಯಾರ ಮಾರಿಗೆ ಯಾವ ರಕ್ತ ಅಂತ..." ಮೊದಲು ಅವನಿಗೆ ಅಷ್ಟೂ ಬಾಯಿಪಾಠವಿತ್ತು. ಡೈರಿ ಬಂದ ಮೇಲೆ ತಲೆಗೆ ಆ ಕೆಲಸ ಇರಲಿಲ್ಲ. ಒಬ್ಬ ಹೆಣ್ಣುಮಗಳ ಜೀವ ತನ್ನ ಅಂಗೈಯಿಂದ ಜಾರಿ ಬಿತ್ತಲ್ಲ ಎಂಬ ಭಯಕ್ಕೆ ಅವನು ಅದೇ ಗುಂಡಿಯನ್ನು ಮತ್ತೆ ಮತ್ತೆ ಒತ್ತಿದ.

ಅಷ್ಟರಲ್ಲಿ ಮಿಲ್ಲಿನ ಮೂರು ಗಂಟೆಯ ಭೋಂಗಾ ಕೂಗಿತು.

"ಪಾಳಿ ಬಿಡ್ತು!" ಮಹಾಬಳೇಶ್ವರ ಎದ್ದೇಬಿಟ್ಟ. "ಕೊಟ್ಟಾವರೆಲ್ಲಾ ಅಲ್ಲೇ ಅದಾರ. ಗೇಟಿಗೆ ಹೋಗೂಣು ನಡಿ!"

ಗೇಟಿನಿಂದ ಸೈಕಲ್ಲುಗಳು ಹೊಳೆಯಂತೆ ಹೊರಬರುತ್ತಿದ್ದವು. ಮಹಾಬಳೇಶ್ವರ ಜೀಪಿನ ಬಾನೆಟ್ ಹತ್ತಿ ನಿಂತು, ಗಂಟಲು ಹರಿಯುವಂತೆ ಕೂಗಿದ: "ಓ ನೆಗೆಟಿವ್ ಇದ್ದಾವರು ಬರ್ರಿ! ಬಾಣಂತಿ ಜೀವದ ಪ್ರಶ್ನೆ ಐತಿ! ಓ ನೆಗೆಟಿವ್!"

ಸೈಕಲ್ಲುಗಳು ನಿಂತವು. ಅವನನ್ನು ಅರಿಯದವರು ಅಲ್ಲಿ ಯಾರಿದ್ದರು? ದುಡಿದು ದಣಿದ ಮಂದಿ ಮನೆಯ ದಾರಿ ಮರೆತು ಜೀಪಿನ ಸುತ್ತ ನೆರೆದರು. ಹತ್ತು, ಇಪ್ಪತ್ತು, ನಲವತ್ತು ಜನ. ಒಬ್ಬನನ್ನು ನೋಡಿ ಇನ್ನೊಬ್ಬ ಅಂಗಿಯ ತೋಳು ಮಡಚಿದ. ಈರೇಶನ ಮುಖಕ್ಕೆ ಮೊದಲ ಸಲ ಜೀವ ಬಂತು. ಜೀಪಿನಲ್ಲಿ ಎಂಟು ಜನಕ್ಕೆ ಮಾತ್ರ ಜಾಗವಿದೆ ಎಂದು ಅವನು ಹೇಳತೊಡಗಿದ್ದ.

ಬಾಯ್ಲರಿನ ಲಗಮಪ್ಪ ಎಲ್ಲರನ್ನೂ ಸರಿಸಿಕೊಂಡು ಮುಂದೆ ಬಂದು ಕೈ ಚಾಚಿದ.

"ನಾ ತಯಾರ ಅದೀನ್ರಿ. ಹೋದ ವರ್ಷ ಕ್ಯಾಂಪಿನ್ಯಾಗ ಕೊಟ್ಟಾಗ ನನ್ನ ಗ್ರೂಪಿನ ಚೀಟಿ ನೀವ ಇಸ್ಕೊಂಡ್ರಿ, 'ನಿಮ್ಮ ಕಡೆ ಇದ್ರ ಕಳೀತೀರಿ, ಡೈರಿಯಾಗ ಭದ್ರ ಇರ್ತೈತಿ' ಅಂದ್ರಿ. ತಗದು ನೋಡ್ರೆಲಾ, ನಂದು ಯಾವ ಗ್ರೂಪ್ ಐತಿ?"

"ನಂದೂ ನೋಡ್ರಿ," ಎಂದರು ಹಿಂದೆ ತೋಳು ಮಡಚಿ ನಿಂತವರು.