ಬಾಗಿಲ ಬಳಿಯ ಹಲಗೆ

"ನಾಳೆ ಕಾಂಕ್ರೀಟ್ ಹಾಕೋರು ಬರ್ತಾರಪ್ಪ. ಇವತ್ತೇ ಹೇಳ್ಬಿಡು, ಒಲೆನೋ, ನೆಲದಡಿ ಬಿಸಿ ತಂತಿನೋ?" ಎಂದು ರಗ್ನ ಅಪ್ಪನನ್ನು ಕೇಳಿದಳು. ಚಳಿ ಕೊರೆಯುವ ಟ್ರೊಂಡ್‌ಹೈಮಿನ ತನ್ನ ಮನೆಯ ನೆಲಮಾಳಿಗೆಯನ್ನು ಅವಳು ಹೊಸದು ಮಾಡಿಸುತ್ತಿದ್ದುದೇ ಅಪ್ಪನಿಗಾಗಿ.

ಅಪ್ಪ ಹಾಲ್ವರ್ ಮೆಟ್ಟಿಲಿಳಿಯುತ್ತಲೇ ಶುರುಮಾಡಿದ. "ತಂತಿಯಿಂದ ಬರೋದೂ ಒಂದು ಬಿಸಿಯೇನೇ? ಬರ್ಚ್ ಕಟ್ಟಿಗೆ ಸೀಳಿ ಒಲೆಗೆ ಹಾಕಿದ್ರೆ ಅದು ಬಿಸಿ. ಎಪ್ಪತ್ತೆಂಟು ವರ್ಷ ಅದರಲ್ಲೇ ಬದುಕಿದೀನಿ. ಅದೂ ಅಲ್ದೆ, ನಾನು ಈ ಬಿಲದಲ್ಲಿ ಇರ್ತೀನಿ ಅಂತ ನಿಂಗೆ ಯಾರು ಹೇಳಿದ್ದು?"

ರಗ್ನ ತುಟಿ ಕಚ್ಚಿ ನಗು ತಡೆದಳು. ಒಳಗಿನ್ನೂ ಎಲ್ಲೆಲ್ಲೂ ಸಿಮೆಂಟಿನ ಧೂಳು. ಆದರೂ ಮನೆಯೊಳಗೆ ಬೂಟಿನಲ್ಲಿ ಕಾಲಿಡುವ ಮನುಷ್ಯನಲ್ಲ ಅವನು. ಅದನ್ನೇ ನೆಚ್ಚಿಕೊಂಡು ಅವಳು ಎಲೆಕ್ಟ್ರಿಷಿಯನ್ ಕೊಟ್ಟ, ಬಿಸಿ ತಂತಿ ಹೆಣೆದ ಚಾಪೆಯ ತುಂಡೊಂದನ್ನು ಬೆಳಿಗ್ಗೆಯೇ ಬಾಗಿಲ ಬಳಿಯ ಹಲಗೆಯಡಿ ಹಾಸಿ, ಪ್ಲಗ್ ಚುಚ್ಚಿಟ್ಟಿದ್ದಳು.

"ಇನ್ನು ಕರೆಂಟ್ ಹೋದ ದಿನ..." ಎನ್ನುತ್ತ ಹಾಲ್ವರ್ ಬೂಟು ಕಳಚಿ, ಉಣ್ಣೆಯ ಕಾಲುಚೀಲದ ಪಾದವನ್ನು ಹಲಗೆಯ ಮೇಲಿಟ್ಟ. ಇನ್ನೊಂದು ಪಾದವನ್ನೂ ತಂದಿಟ್ಟ. ಆಮೇಲೆ ಗೋಡೆ ಹಿಡಿದು ಬಗ್ಗಿ, ಎರಡೂ ಕಾಲುಚೀಲ ಬಿಚ್ಚಿ, ಬರಿಗಾಲಲ್ಲಿ ನಿಂತು ಬೆರಳುಗಳನ್ನು ಅರಳಿಸಿದ.

"ಏನೋ ಹೇಳ್ತಿದ್ಯಲ್ಲಪ್ಪ?"

"ಏನಿಲ್ಲ." ಅವನು ದೂರದ ಕಿಟಕಿಯತ್ತ ಕೈತೋರಿಸಿದ. "ನನ್ನ ಮಂಚ ಆ ಕಡೆ ಬರುತ್ತೆ. ಅಲ್ಲೀವರೆಗೂ ಎಳೆಸು ಈ ತಂತೀನ."