ಹಡಗಿಗೊಂದು ಸ್ವರ

ಬಿಸಿಲಿನ ಶಾಖದಿಂದ ತಯಾರಿಸಿದ ಹೊಸ ಇಂಧನ, ಅದರ ಸದ್ದಿಲ್ಲದ ಎಂಜಿನ್ನು ಬಂದ ಮೇಲೆ ನಮ್ಮ ಬಂದರಿಗೆ ಹಡಗುಗಳು ಮೋಡದ ಹಾಗೆ ಸದ್ದಿಲ್ಲದೆ ತೇಲಿ ಬರುತ್ತಿದ್ದವು. ಮಂಜು ಕವಿದ ಒಂದು ಬೆಳಿಗ್ಗೆ ಅಂಥದೊಂದು ಹಡಗು ಸೋಮ ಮೊಗವೀರನ ದೋಣಿಯನ್ನು ಮಗುಚಿತು. ಈಜಿ ಬದುಕಿದ ಸೋಮ ಕಡಲಿಗೆ ಇಳಿಯುವುದನ್ನೇ ಬಿಟ್ಟ.

ಬಂದರಿನಲ್ಲಿ ಇನ್ನೊಂದು ಇಂಧನದ ಟ್ಯಾಂಕ್ ಕಟ್ಟಲು ಮೀನುಗಾರರ ಪ್ರತಿ ಮನೆಯೂ ಒಪ್ಪಬೇಕಿತ್ತು. ಇನ್ನೂ ಸಹಿ ಹಾಕದಿದ್ದ ಸೋಮನ ಮನೆಗೆ ಬಂದರಿನ ಅಧಿಕಾರಿ ಬಂದಳು.

"ಹೊಗೆಯಿಲ್ಲ, ನೀರಿಗೆ ಎಣ್ಣೆ ಸೋರುವುದಿಲ್ಲ. ಮತ್ತೇಕೆ ಬೇಡ ಅನ್ನುತ್ತೀರಿ?" ಎಂದು ಕೇಳಿದಳು.

ಸೋಮನ ಹೆಂಡತಿ ರಾಜೀವಿ ಮೀನು ಹೆಚ್ಚುವುದನ್ನು ನಿಲ್ಲಿಸಿದಳು. "ಬೇಡ ಅಂದದ್ದಲ್ಲ, ಮೇಡಂ. ಹಡ್ಗ್ ಬಪ್ಪುದ್ ನಮ್ಗೆ ಕೇಂತಿಲ್ಲೆ. ಅದ್ಕೊಂದ್ ಸ್ವರ ಕೊಡಿ, ನಾನ್ ಸಹಿ ಹಾಕ್ತೆ."

"ಹಡಗು ಬರುವುದು ಕೇಳಿಸಲಿ ಅಂತಲೇ? ಎಂಥ ಸ್ವರ?"

ರಾಜೀವಿ ದಡಕ್ಕೆ ಹೋಗಿ, ಹಿಂದೆ ಕಡಲಿನಲ್ಲಿದ್ದ ಗಂಡನನ್ನು ಊಟಕ್ಕೆ ಕರೆಯುತ್ತಿದ್ದ ಹಾಗೆ ನೀಳವಾಗಿ ಕೂಗಿದಳು. ಅಧಿಕಾರಿ ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಳು.

ಮುಂದಿನ ಚಳಿಗಾಲದ ಮಂಜಿನಲ್ಲಿ ಗುಡ್ಡದಷ್ಟು ದೊಡ್ಡ ಹಡಗೊಂದು ರಾಜೀವಿಯ ದನಿಯಲ್ಲಿ ಕೂಗುತ್ತಾ ಒಳಬಂತು. ದೋಣಿಗಳು ಮೆಲ್ಲಗೆ ಸರಿದು ದಾರಿ ಬಿಟ್ಟವು. ಅಂದೇ ಮೊದಲ ಬಾರಿ ಮರಳಿ ಕಡಲಿಗಿಳಿದಿದ್ದ ಸೋಮ, ಹುಟ್ಟು ಹಾಕುತ್ತಾ, ಆ ಕೂಗಿಗೆ ತನಗರಿವಿಲ್ಲದೆಯೇ ಓಗೊಟ್ಟ:

"ಬಂದೆ, ಮಾರಾಯ್ತಿ."