ಹುಣಸೆಹಣ್ಣು ಹಚ್ಚಿ ತೊಳೆದ ನಾಣ್ಯಗಳು

ಮನೆಯಲ್ಲಿ ಹಳೆ ನಾಣ್ಯದ ಡಬ್ಬಿ ಇಟ್ಟುಕೊಂಡವರು, ಅದನ್ನು ಮಾರಲು ಹೊರಡುವ ಮೊದಲು ಎರಡು ನಿಮಿಷ ಇಲ್ಲಿ ಕೂತು ಹೋಗಿ...

ಗದಗಿನ ನೀಲವ್ವನ ಗಂಡ ಅಡಿವೆಪ್ಪ ಬಸ್ ಕಂಡಕ್ಟರ್ ಆಗಿದ್ದ.

ಬಸ್ಸಿನಲ್ಲಿ ಯಾರಾದರೂ ಹಳೇ ನಾಣ್ಯ ಕೊಟ್ಟರೆ ಸಾಕು... ತನ್ನ ಜೇಬಿನ ದುಡ್ಡನ್ನು ಬ್ಯಾಗಿಗೆ ಹಾಕಿ, ಆ ನಾಣ್ಯವನ್ನು ಮನೆಗೆ ತರುತ್ತಿದ್ದ. ತೂತಿನ ಕಾಸು, ಆನೆ ಚಿತ್ರದ ಕಾಸು, ರಾಣಿ ಮುಖದ ಪೈಸೆ... ಹೀಗೇ ಒಂದು ಬಿಸ್ಕತ್ತಿನ ಡಬ್ಬಿ ತುಂಬಿತು.

"ಬಸ್ಸಿನ್ಯಾಗ ಚಿಲ್ಲರೆ ಇಲ್ಲ ಅಂತ ಮಂದಿ ಕೂಡ ಜಗಳಾ ಮಾಡ್ತೀರಿ, ಮನ್ಯಾಗ ಡಬ್ಬಿ ತುಂಬ ಚಿಲ್ಲರೆ ಇಟ್ಟೀರಿ!" ಎಂದು ನೀಲವ್ವ ಕಾಲೆಳೆಯುತ್ತಿದ್ದಳು.

ನೌಕರಿ ಮುಗಿಯಿತು. ಇಬ್ಬರ ತಲೆಯೂ ಬೆಳ್ಳಗಾಯಿತು. ಡಬ್ಬಿ ಮಾತ್ರ ಕಪಾಟಿನಲ್ಲಿ ಹಾಗೇ ಇತ್ತು.

ಒಂದು ದಿನ ಪಕ್ಕದ ಮನೆಯವಳು ಮೊಬೈಲ್ ಹಿಡಿದು ಓಡಿಬಂದಳು. "ನೀಲವ್ವಕ್ಕಾ, ಈ ವಿಡಿಯೋ ನೋಡಿಲ್ಲಿ! ರಾಣಿ ಮುಖದ ಪೈಸೆ ಒಂದಕ್ಕ ಲಕ್ಷ ಅಂತ!"

ನೀಲವ್ವ ಎದ್ದು ಕಪಾಟಿನಿಂದ ಡಬ್ಬಿ ಇಳಿಸಿದಳು...

ಗಂಡ ಜೀವನವಿಡೀ ಬಸ್ಸಿನಲ್ಲಿ ನಿಂತೇ ಓಡಾಡಿದ. ಅದೇ ಗದಗ, ಅದೇ ಹುಬ್ಬಳ್ಳಿ. ಒಮ್ಮೆಯಾದರೂ ಅವನನ್ನು ಸೀಟಿನಲ್ಲಿ ಕೂರಿಸಿಕೊಂಡು ಕಾಶಿಗೆ ಹೋಗಿಬರಬೇಕು ಎಂಬುದು ಅವಳ ಬಹಳ ವರ್ಷಗಳ ಆಸೆ.

"ಮಾರಿಬಿಡೂಣ್ರೀ" ಎಂದಳು.

ಅಡಿವೆಪ್ಪ ಡಬ್ಬಿಯ ಮುಚ್ಚಳವನ್ನು ಒಮ್ಮೆ ಸವರಿದ. ಆಮೇಲೆ, "ನಿನ್ನ ಮನಸ್ಸಿಗೆ ಬಂದ್ರ ಆತು ಬಿಡು" ಎಂದ.

ಮರುದಿನ ಇಬ್ಬರೂ ಡಬ್ಬಿ ಹಿಡಿದು ಹುಬ್ಬಳ್ಳಿಯ ಒಂದು ನಾಣ್ಯದ ಅಂಗಡಿಗೆ ಹೋದರು. ಗಾಜಿನ ಪೆಟ್ಟಿಗೆಯ ತುಂಬ ನಾಣ್ಯಗಳು, ಪ್ರತಿಯೊಂದಕ್ಕೂ ರೇಟಿನ ಚೀಟಿ.

ವ್ಯಾಪಾರಿ ಕಣ್ಣಿಗೆ ಲೆನ್ಸ್ ಹಿಡಿದು ಒಂದೊಂದೇ ನೋಡಿದ. ಮುಖ ಸಣ್ಣದಾಯಿತು.

"ಇವನ್ನ ಯಾರು ತೊಳದಾರ್ರೀ?"

"ನಾನ ರೀ!" ನೀಲವ್ವ ಹೆಮ್ಮೆಯಿಂದ ಸೆರಗು ಸರಿಮಾಡಿಕೊಂಡಳು. "ಪ್ರತಿ ದೀಪಾವಳಿಗೆ ಲಕ್ಷ್ಮೀ ಪೂಜಿಗೆ ಇಡೂ ಮುಂದ ಹುಣಸಿಹಣ್ಣು, ಉಪ್ಪು ಹಚ್ಚಿ ತಿಕ್ಕತೀನ್ರೀ. ನೋಡ್ರಿ, ಹೆಂಗ ಫಳಫಳ ಅಂತಾವ!"

ವ್ಯಾಪಾರಿ ಹಣೆ ಚಚ್ಚಿಕೊಂಡ.

"ಅಯ್ಯ ತಾಯೀ... ಕೆಲಸಾ ಕೆಡಿಸಿಬಿಟ್ರಲ್ರೀ! ನಾಣ್ಯದ ಮ್ಯಾಲಿನ ಕಪ್ಪು ಅದರ ವಯಸ್ಸು ಇದ್ದಂಗ. ಅದನ್ನ ತಿಕ್ಕಿ ತಗದ್ರ ಮುಗೀತು, ಬೆಲಿನ ಹೋತು. ಇದರಾಗ ಭಾಳ ಅಪರೂಪದ್ದೂ ಅದಾವು... ಈಗ ತಾಮ್ರದ ರೇಟಿಗೆ ತೂಕ ಹಾಕಬೇಕಷ್ಟ."

ಕಾಶಿ ಹೋದರೆ ಹೋಯಿತು... ಗಂಡ ಅಷ್ಟು ಪ್ರೀತಿಯಿಂದ ಕೂಡಿಸಿದ್ದನ್ನು ನನ್ನ ಕೈಯಾರೆ ಹಾಳು ಮಾಡಿದೆನಲ್ಲ ಎಂದು ನೀಲವ್ವನಿಗೆ ಸಂಕಟವಾಯಿತು.

ಅಳುಮುಖದಲ್ಲಿ ಗಂಡನ ಕಡೆ ತಿರುಗಿದಳು. ಅವನ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ.

"ನಿಮಗ... ಗೊತ್ತಿತ್ತೇನ್ರೀ?"

"ಗೊತ್ತಿತ್ತು."

"ಯಾವಾಗಿಂದ?"

"ನೀ ತೊಳದ ಮೊದಲ್ನೇ ದೀಪಾವಳಿಯಿಂದ."

ನೀಲವ್ವನಿಗೆ ಸಿಟ್ಟೇ ಬಂತು. "ಬಾಯಿ ಬಿಟ್ಟು ಹೇಳಾಕ ಏನು ಧಾಡಿ ಆಗಿತ್ತು ನಿಮಗ?"

ಅಡಿವೆಪ್ಪ ಡಬ್ಬಿಯಲ್ಲಿ ಕೈಯಾಡಿಸಿ ರಾಣಿ ಮುಖದ ಪೈಸೆ ತೆಗೆದ.

"ಮದುವ್ಯಾಗಿ ಬಂದಾಗ ನೀ ನನ್ನ ಕೂಡ ಮಾತ ಆಡ್ತಿದ್ದಿಲ್ಲ, ನೆನಪೈತೇನು? ಮನಿ ತುಂಬ ಮಂದಿ. ನಾ ಒಳಗ ಬಂದ್ರ ನೀ ಅಡಗಿಮನಿ ಸೇರ್ತಿದ್ದಿ. ಆ ದೀಪಾವಳಿಗೆ ನಮ್ಮವ್ವ ಈ ಡಬ್ಬಿ ನಿನ್ನ ಕೈಯಾಗ ಕೊಟ್ಟು, ತೊಳಿ ಅಂದ್ಲು. ನಾ ಗಾಬರಿಬಿದ್ದು ಓಡಿ ಬಂದೆ... ಬ್ಯಾಡ ಅನ್ನಾಕ."

"ಮತ್ತ?"

"ಅಷ್ಟರಾಗ ನೀ ಈ ಪೈಸೆ ಎತ್ತಿ ಹಿಡದು, 'ಇಕಿ ಯಾರ್ರೀ?' ಅಂದಿ. ಬ್ರಿಟಿಷರ ರಾಣಿ ಅಂದೆ. 'ಮೂಗಿನ್ಯಾಗ ನತ್ತಿಲ್ಲ, ಕೊರಳಾಗ ತಾಳಿಲ್ಲ... ಇಕಿ ಎಂಥಾ ರಾಣಿ ರೀ!' ಅಂತ ನಕ್ಕಿ. ನೀ ನನ್ನ ಕೂಡ ಆಡಿದ ಮೊದಲ್ನೇ ಮಾತು ಅದ..."

ಅವನು ಪೈಸೆಯನ್ನು ಅಂಗಿಗೆ ಒರೆಸಿದ.

"ಆಮ್ಯಾಲೆ ಹೆಂಗ ಬ್ಯಾಡ ಅನ್ನಲಿ? ಅಂದಿದ್ರ ನೀ ಅಂಜಿ, ಈ ಡಬ್ಬಿ ಮತ್ತ ಮುಟ್ತಿದ್ದಿಲ್ಲ. ವರ್ಷಕ್ಕೊಂದು ದಿನ ನೀ ತಿಕ್ಕತಿ, ನಾ ಒರಸ್ತೀನಿ. ಇಕಿ ಯಾರಂತ ಗೊತ್ತಿದ್ರೂ ಪ್ರತಿ ವರ್ಷ ಕೇಳ್ತಿ, ನಾ ಪ್ರತಿ ವರ್ಷ ಹೇಳ್ತೀನಿ. ಅದಕ್ಕ ಯಾವ ಅಂಗಡ್ಯಾಗ ರೇಟ್ ಕಟ್ಟತಾರ, ಹೇಳು."



ವ್ಯಾಪಾರಿ ಲೆನ್ಸ್ ಕೆಳಗಿಟ್ಟ. "ಅಜ್ಜಾರ... ನಾನೂ ಸಣ್ಣಾವಿದ್ದಾಗ ನಾಣ್ಯಾ ಕೂಡಿಸ್ತಿದ್ದೆ. ಮಾರಾಕ ಸುರು ಮಾಡಿದ ಮ್ಯಾಲೆ ಎಲ್ಲಾದರ ರೇಟ್ ಬಾಯಿಪಾಠ ಐತಿ. ಯಾವುದು ಎಲ್ಲಿಂದ ಬಂತು, ಯಾರು ಕೊಟ್ರು... ಒಂದರದೂ ನೆನಪಿಲ್ರೀ."

ಪೈಸೆಯತ್ತ ಕೈ ಚಾಚಿದ. "ಆ ರಾಣಿ ಪೈಸೆ ನನಗ ಕೊಡ್ರಿ. ನೀವು ಕೇಳಿದಷ್ಟು ಕೊಡ್ತೀನಿ. ಮಾರೂದಿಲ್ಲ, ಮನ್ಯಾಗ ಇಟ್ಕೋತೀನಿ."

ಕೇಳಿದಷ್ಟು! ಅಂದರೆ ಕಾಶಿ ಮತ್ತೆ ಕೈಗೆಟುಕಿದ ಹಾಗೆಯೇ...

ನೀಲವ್ವ ಗಂಡನ ಕೈಯಿಂದ ಪೈಸೆ ಕಸಿದು ಡಬ್ಬಿಗೆ ಹಾಕಿ, ಟಪ್ಪನೆ ಮುಚ್ಚಳ ಹಾಕಿದಳು. "ಇದು ಮಾರೂದಲ್ಲ ರೀ. ನಡೀರಿ, ಮನಿಗೆ ಹೋಗೂಣು."

ಗದಗಿನ ಬಸ್ಸಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತರು. ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ನೀಲವ್ವ ಮೆಲ್ಲಗೆ ಹೇಳಿದಳು.

"ಆದದ್ದಾತು. ಇನ್ನ ಮ್ಯಾಲೆ ನಾ ಇವನ್ನ ತಿಕ್ಕೂದಿಲ್ಲ ಬಿಡ್ರಿ."

ಅಡಿವೆಪ್ಪ ಗಾಬರಿಯಾದ.

"ಏ... ಹಂಗನ್ನಬ್ಯಾಡ ಮಾರಾಯ್ತಿ! ನೀ ತಿಕ್ಕೂದು ಬಿಟ್ರ, ನನ್ನ ಬಾಜೂ ಕುಂತು ಇಕಿ ಯಾರಂತ ಕೇಳೋರು ಯಾರು?"

ನೀಲವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು...

ಮಾರಲು ಕೂಡಿಟ್ಟಿದ್ದು ದುಡ್ಡು ತರುತ್ತದೆ. ಪ್ರೀತಿಯಿಂದ ಕೂಡಿಟ್ಟಿದ್ದು ಪಕ್ಕದಲ್ಲಿ ಕೂರುವ ಒಂದು ಜೀವವನ್ನು ತರುತ್ತದೆ.

ನಿಮ್ಮ ಒಂದು ನಗುವಿಗಾಗಿ ಮನೆಯಲ್ಲಿ ಯಾರು ಏನನ್ನು ಸುಮ್ಮನೆ ಬಿಟ್ಟುಕೊಟ್ಟಿದ್ದಾರೆ... ಒಮ್ಮೆಯಾದರೂ ಕೇಳಿದ್ದೀರಾ?